ಪುಸ್ತಕಗಳ ಮೇಲೊಂದು ಬಾಣಂತನ

ಚರಿತ್ರೆ, ರಾಜಕೀಯ, ಸಂಸ್ಕೃತಿ, ಪ್ರಕೃತಿ: ಈ ನಾಲ್ಕು ದಿಕ್ಕುಗಳನ್ನೂ ಒಂದೇ ಏಟಿಗೆ ಗೆದ್ದುಬಿಡುತ್ತೇನೆಂದು ಆಫೀಸಿನಲ್ಲಿ ಘೋಷಿಸಿದವನು ನಾನೇ! ನಮ್ಮಲ್ಲಿ ಶುಕ್ರವಾರಕ್ಕೊಬ್ಬರು ಎದ್ದು ನಿಂತು, ಎಲ್ಲರೂ ಓದಲೇಬೇಕಾದ ಒಂದು ಪುಸ್ತಕದ ಬಗ್ಗೆ ಮಾತಾಡುವ ಪದ್ಧತಿಯಿದೆ. ಕತೆ, ಕಾದಂಬರಿ ನಡೆಯುವುದಿಲ್ಲ. ನಿಜ ಸಂಗತಿಯ ಪುಸ್ತಕವೇ ಆಗಬೇಕು. ಉಳಿದವರು ಒಂದು ಹೇಳಿ ಕೂತರೆ ನಾನು ನಾಲ್ಕು ಹೇಳುವವನು! ಆಫೀಸಿನ ಲೈಬ್ರರಿಯಿಂದ ಇಟ್ಟಿಗೆಯಂಥ ನಾಲ್ಕು ಪುಸ್ತಕ ಹೊತ್ತು ತಂದೆ.

"ಇಷ್ಟೂ ಓದ್ತೀರಾ?" ಹೆಂಡತಿ ಕೇಳಿದಳು.

"ಓದೋದೇನು ಬಂತು ಕಣೇ, ಅರೆದು ಕುಡೀತೀನಿ!"

ಘನವಾದ ಓದಿಗೆ ಘನವಾದ ಜಾಗ ಬೇಡವೇ? ಬಾಲ್ಕನಿಯ ಮೂಲೆಯಲ್ಲಿ ಕುರ್ಚಿ ಹಾಕಿ, ಪಕ್ಕದ ಸ್ಟೂಲಿನ ಮೇಲೆ ನಾಲ್ಕನ್ನೂ ಪೇರಿಸಿದೆ. ತಳದಲ್ಲಿ ಚರಿತ್ರೆ, ಅದರ ಮೇಲೆ ರಾಜಕೀಯ, ಸಂಸ್ಕೃತಿ, ನೆತ್ತಿಯಲ್ಲಿ ಹಕ್ಕಿಗಳ ಪುಸ್ತಕ. ಗೂಡಿನಲ್ಲಿ ಕೂತ ಹಕ್ಕಿಯನ್ನು ಎಬ್ಬಿಸಬಾರದು ಎಂದು ಅದರ ಮೊದಲ ಪುಟದಲ್ಲೇ ಇತ್ತು. ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಷ್ಟರಲ್ಲಿ ಟೀವಿಯಲ್ಲಿ ಮ್ಯಾಚ್ ಶುರುವಾಯಿತು. ಮರುದಿನ ತಲೆನೋವು. ಅದರ ಮರುದಿನ ಯಾಕೋ ಮನಸ್ಸೇ ಬರಲಿಲ್ಲ. ಭಾಷಣಕ್ಕೆ ಇನ್ನೂ ಬೇಕಾದಷ್ಟು ದಿನವಿತ್ತು.

ನನ್ನ ಸರದಿಯ ವಾರ ಬಂದೇಬಿಟ್ಟಿತು. ಬುಧವಾರ ರಜೆ ಹಾಕಿ, ಸೊಂಟ ಕಟ್ಟಿ ಬಾಲ್ಕನಿಯ ಬಾಗಿಲು ತೆರೆದೆ. ಪುಸ್ತಕಗಳ ಮೇಲೆ ಕಡ್ಡಿಗಳ ರಾಶಿ. ರಾಶಿಯ ಮೇಲೆ ಪಾರಿವಾಳ! ನನ್ನನ್ನು ಕಂಡು ಕತ್ತು ಉಬ್ಬಿಸಿತೇ ಹೊರತು ಜಾಗ ಬಿಡಲಿಲ್ಲ. ನಾನು ಪೊರಕೆ ಎತ್ತಿದೆ. ಹೆಂಡತಿ ಕಿತ್ತುಕೊಂಡಳು.

"ಮೊಟ್ಟೆ ಇದೆ ರೀ! ಎಬ್ಬಿಸಬಾರದು ಅಂತ ಓದಿ ಹೇಳಿದ್ದು ಯಾರು?"

"ನಾಡಿದ್ದು ನನ್ನ ಮರ್ಯಾದೆ ಹೋಗತ್ತೆ ಕಣೇ!"

"ಹೋದ ಮರ್ಯಾದೆ ಮತ್ತೆ ಬರಬಹುದು. ಒಡೆದ ಮೊಟ್ಟೆ ಬರತ್ತಾ?"

"ಇಡೀ ಊರಲ್ಲಿ ಇದಕ್ಕೆ ಬೇರೆ ಜಾಗ ಸಿಗಲಿಲ್ವಾ?"

"ಯಾರೂ ಸುಳಿಯದ ಜಾಗ ನೋಡಿಕೊಂಡಿದೆ. ನೀವು ದಿನಾ ಒಂದು ಪುಟ ತಿರುಗಿಸಿದ್ರೂ ಅದು ಇಲ್ಲಿ ಬರ್ತಿರಲಿಲ್ಲ."

ಬಾಗಿಲು ಮುಚ್ಚಿಕೊಂಡು ಕಿಟಕಿಯ ಗಾಜಿನ ಹಿಂದೆ ಕೂತೆ. ಬಿಸಿಲು ಮೈಮೇಲೆ ಬಂದರೂ ಪಾರಿವಾಳ ಅಲ್ಲಾಡಲಿಲ್ಲ. ಸಂಜೆಯ ಹೊತ್ತಿಗೆ ಅದರ ಜೋಡಿ ಬಂತು. ಇದು ಎದ್ದಿತು, ಅದು ಮೊಟ್ಟೆಗಳನ್ನು ಕೊಕ್ಕಿನಿಂದ ಮೆಲ್ಲಗೆ ಸರಿಸಿ, ಹೊಟ್ಟೆಯಡಿ ಸೇರಿಸಿಕೊಂಡು ಕೂತಿತು. ನಮ್ಮ ಮನೆಯಲ್ಲಿ ಪುಸ್ತಕದ ಜೊತೆ ಅಷ್ಟು ಹೊತ್ತು ಕೂತ ಮೊದಲ ಜೀವಿಗಳು ಅವು! ನಗು ಬಂತು. ಹಿಂದೆಯೇ ನಾಚಿಕೆಯೂ ಆಯಿತು. ಒಂದು ಪುಟ ಮುಗಿಯುವುದರೊಳಗೆ ನೀರು, ಫೋನು, ಫ್ರಿಜ್ಜು ಎಂದು ಎದ್ದು ಓಡಾಡುವವನು ನಾನು.

ಶುಕ್ರವಾರ ಬರಿಗೈಯಲ್ಲಿ ಎದ್ದು ನಿಂತೆ.

"ನಾಲ್ಕು ಪುಸ್ತಕ ಎಲ್ರೀ?" ಮ್ಯಾನೇಜರ್ ಕೇಳಿದರು.

"ಬಾಣಂತನದಲ್ಲಿವೆ ಸರ್."

ಎಲ್ಲರೂ ಗೊಳ್ಳೆಂದು ನಕ್ಕರು. ಬೇರೆ ದಾರಿಯಿಲ್ಲದೆ ಕಂಡದ್ದನ್ನೇ ಹೇಳುತ್ತ ಹೋದೆ. ನಗು ನಿಂತಿತು. ಮೊಬೈಲಿನಲ್ಲಿ ಮುಳುಗಿದ್ದವರೂ ತಲೆ ಎತ್ತಿದರು.

"ಚೆನ್ನಾಗಿ ಹೇಳಿದ್ರಿ. ಇದೆಲ್ಲ ಆ ಹಕ್ಕಿ ಪುಸ್ತಕದಲ್ಲೂ ಇದೆಯಾ?" ಮ್ಯಾನೇಜರ್ ಕೇಳಿದರು.

ಹೂಂ ಅಂದುಬಿಡುವ ಆಸೆ ಗಂಟಲವರೆಗೂ ಬಂದಿತ್ತು. "ಗೊತ್ತಿಲ್ಲ ಸರ್. ಮೊದಲ ಪುಟದಲ್ಲಂತೂ ಇಲ್ಲ."

"ಮರಿಗಳು ಹಾರಲಿ. ಆಮೇಲೆ ಓದಿಕೊಂಡು ಮತ್ತೆ ಬನ್ನಿ."

ಮರಿಗಳು ಹಾರಿಹೋದವು. ಕಡ್ಡಿ ತೆಗೆದು, ಕೊಳೆ ಒರೆಸಿ, ಕೊನೆಗೂ ಕುರ್ಚಿಯಲ್ಲಿ ಕೂತು ಪುಸ್ತಕ ಬಿಚ್ಚಿದೆ. ಎರಡನೇ ಪುಟ! ಅಷ್ಟರಲ್ಲಿ ಅದೇ ಪಾರಿವಾಳ ಬಾಲ್ಕನಿಯ ಕಂಬಿಯ ಮೇಲೆ ಕೂತು ನನ್ನನ್ನೇ ನೋಡತೊಡಗಿತು. ನನಗೆ ಕಣ್ಣು ತುಂಬಿಬಂತು.

"ನೋಡೇ, ನಾವು ಮಾಡಿದ ಉಪಕಾರ ಮರೆತಿಲ್ಲ!"

ಹೆಂಡತಿ ಇಣುಕಿ ನೋಡಿದಳು.

"ಕೊಕ್ಕಲ್ಲಿ ಕಡ್ಡಿ ಇದೆ ರೀ. ನೀವು ಯಾವಾಗ ಎದ್ದು ಹೋಗ್ತೀರಿ ಅಂತ ಕಾಯ್ತಿದೆ."