ಯಾರ ಗಿಣ್ಣ?

ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಒಂದು ನಿಮಿಷದ ಘೋಷಣೆ ಬರೆಯಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಈಗ ಇಡೀ ಊರೇ ಹೇಳುತ್ತಿದೆ. ಆದರೂ ಒಪ್ಪುವುದಿಲ್ಲ!

ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ. ಊರಿನ ಮರ್ಯಾದೆಗಾಗಿ ಅಲ್ಲ, ನನ್ನ ಮರ್ಯಾದೆಗಾಗಿ. ಒಂದು ದಿನ ನಮ್ಮ ಅಂಗನವಾಡಿ ಟೀಚರ್ ರೇಣುಕಾ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ಇಯತ್ತೆಯಲ್ಲಿ ಒತ್ತಕ್ಷರಗಳನ್ನು ಧಾರಾಳವಾಗಿ ಬಿಟ್ಟು ಬರೆಯುತ್ತಿದ್ದವಳು.

“ಸರ್, ಪಂಚಾಯ್ತಿ ಕಸದ ಗಾಡಿ ಮೈಕಿನ್ಯಾಗ ಹಚ್ಚಾಕ ಒಂದ್ ನಿಮಿಷದ ಮಾತು ಬೇಕಾಗೇತ್ರಿ. ಊರಾಗ ಹಡದ ಕೂಡ್ಲೆ ಬರೋ ಹಾಲು ಕೆಟ್ಟದ್ದಂತ ಹಿಂಡಿ ಚೆಲ್ಲತಾರ. ಕೂಸಿಗೆ ಜೇನು, ಸಕ್ರಿ ನೀರು ನೆಕ್ಕಸ್ತಾರ. ನಾ ಎಷ್ಟ ಹೇಳಿದ್ರೂ ಮನ್ಯಾಗಿನ ಅತ್ತೆಂದ್ರು ಕೇಳವಲ್ರು. ನಿಮ್ಮ ದನಿ ಗಟ್ಟಿ ಐತಿ, ನೀವು ಹೇಳ್ರಿ” ಎಂದು ಒಂದು ಚೀಟಿ ಕೊಟ್ಟಳು.

ಚೀಟಿಯಲ್ಲಿ ಹೀಗಿತ್ತು: ‘ಹಡದ ಒಂದ ತಾಸಿನ್ಯಾಗ ಕೂಸಿಗೆ ತಾಯಿ ಎದಿಹಾಲು ಕುಡಸ್ರಿ. ಹಳದಿ ಇದ್ರೂ ಚೆಲ್ಲಬ್ಯಾಡ್ರಿ. ಅದ ಕೂಸಿನ ಮೊದಲನೇ ಔಷಧ.’

ನೋಡಿ, ಇದನ್ನು ನಾನು ಮೈಕಿನಲ್ಲಿ ಹೇಳಬೇಕಂತೆ! ನಾನು! ವ್ಯಾಕರಣ ಹಾಳಾಗಿ ಹೋಗಲಿ, ‘ಎದಿಹಾಲು’ ಎಂಬ ಶಬ್ದವನ್ನು ಹನುಮಂತ ದೇವರ ಗುಡಿಯ ಮುಂದೆ, ಪಿಂಚಣಿ ಪಡೆಯುವ ಒಬ್ಬ ಗೃಹಸ್ಥ ಕೂಗುವುದೆ? ಕೆಂಪು ಪೆನ್ನು ತೆಗೆದುಕೊಂಡು ಮೊದಲು ‘ಎದಿ’ ಹೊಡೆದೆ. ಎದೆ ಹೋದ ಮೇಲೆ ‘ತಾಯಿ’ ಸುಮ್ಮನೆ ನಿಂತಂತೆ ಕಂಡಿತು. ಅದನ್ನೂ ಹೊಡೆದೆ. ಪುಸ್ತಕಗಳಲ್ಲಿ ಈ ಮೊದಲ ಹಾಲಿಗೆ ಒಂದು ಸಭ್ಯವಾದ ಹೆಸರಿದೆ, ಗಿಣ್ಣು ಹಾಲು ಎಂದು. ಅದನ್ನು ಹಿಡಿದೆ. ಘೋಷಣೆ ಸಿದ್ಧವಾಯಿತು:

‘ಗ್ರಾಮಸ್ಥರ ಗಮನಕ್ಕೆ! ನವಜಾತ ಶಿಶುವಿಗೆ ಜನನವಾದ ಒಂದು ತಾಸಿನೊಳಗಾಗಿ ಗಿಣ್ಣು ಹಾಲನ್ನು ತಪ್ಪದೇ ನೀಡತಕ್ಕದ್ದು. ಗಿಣ್ಣು ಅಮೃತ ಸಮಾನ. ವಿಳಂಬ ಸಲ್ಲದು!’

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾಗೆ ಓದಿ ತೋರಿಸಿದೆ. ಅವಳು ಬಡಿಯುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು.

“ಯಾರ ಗಿಣ್ಣ?”

“ಸಂದರ್ಭದಿಂದ ತಿಳೀತೈತಿ” ಎಂದೆ.

“ನಮ್ಮ ಕಡೆ ಗಿಣ್ಣ ಅಂದ್ರ ಎಮ್ಮಿ ಈದಾಗ ಬೆಲ್ಲ, ಯಾಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚತಾರಲ್ರಿ, ಅದು.”

“ಸಂದರ್ಭ ಸಹಿತ ಸ್ವಾರಸ್ಯ ವಿವರಿಸುವುದನ್ನು ನಾನು ಮೂವತ್ತಾರು ವರ್ಷ ಕಲಿಸಿದ್ದೇನೆ!” ಎಂದೆ. ನನಗೆ ಸಿಟ್ಟು ಬಂದರೆ ಬಾಯಿಂದ ಗ್ರಂಥದ ಕನ್ನಡವೇ ಬರುತ್ತದೆ. ಗಿರಿಜಾ ಮತ್ತೆ ರೊಟ್ಟಿ ಬಡಿಯತೊಡಗಿದಳು. ಸ್ವಲ್ಪ ಜೋರಾಗಿಯೇ ಬಡಿದಳು.

ರೇಣುಕಾ ಓದಿ ತಲೆ ಕೆರೆದುಕೊಂಡಳು. ಆದರೆ ಗುರುಗಳ ಮುಂದೆ ಬಾಯಿ ತೆಗೆಯಲಿಲ್ಲ. ಮರುದಿನದಿಂದ ಕಸದ ಗಾಡಿಯ ಮೇಲೆ ನನ್ನ ಧ್ವನಿ ಓಣಿ ಓಣಿ ತಿರುಗಿತು. ನಾನಾದರೂ ಸುಮ್ಮನಿದ್ದೆನೆ? ಅದೇ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ನೆಂಟರು, ಇಷ್ಟರು, ಬೀಗರು, ಎಲ್ಲರಿಗೂ ಕಳಿಸಿದೆ. ಯಲಬುರ್ಗಾ ಕಡೆಯಿಂದ ಮಗಳ ಅತ್ತೆ ಬಸಮ್ಮನವರು ಕೈ ಮುಗಿದ ಚಿತ್ರ ಐದು ಸಲ ಕಳಿಸಿದರು. ಮಗಳು ಸವಿತಾ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೇ ಬಂದಿದ್ದಳು. ತಿಂಗಳು ತುಂಬಿತ್ತು.

ನಾಲ್ಕನೇ ದಿನ ಪರಿಣಾಮ ಕಾಣತೊಡಗಿತು. ಹಾಲು ಮಾರುವ ಹನಮಪ್ಪ ದಾರಿಯಲ್ಲಿ ಸಿಕ್ಕು ನನ್ನ ಕಾಲು ಮುಟ್ಟಿಯೇಬಿಟ್ಟ.

“ಮಾಸ್ತರ, ನಿಮ್ಮಿಂದ ನಮ್ಮ ಎಮ್ಮಿಗೆ ಭಾಳ ಕಿಮ್ಮತ್ತು ಬಂತ್ರಿ. ಇಬ್ಬರು ಮುದುಕೇರು ಈಗಿಂದನ ಹೇಳಿಟ್ಟಾರ, ಸೊಸಿ ಹಡಿಯೂದು, ಎಮ್ಮಿ ಈಯೂದು ಒಂದ ಟೈಮಿಗೆ ಬರ್ಲಿ ಅಂತ ದೇವರಿಗೆ ಹರಕಿ ಹೊತ್ತಾರ!”

ಬುದ್ಧಿ ಇದ್ದವನಿಗೆ ಅಲ್ಲೇ ತಿಳಿಯಬೇಕಿತ್ತು. ನಾನು ಏನು ತಿಳಿದೆ ಗೊತ್ತೇ? ಹಳ್ಳಿಯ ಜನ ಸಂತೋಷವನ್ನು ತಮ್ಮದೇ ರೀತಿಯಲ್ಲಿ ತೋರಿಸುತ್ತಿದ್ದಾರೆ ಎಂದು ತಿಳಿದೆ! ಸಂಜೆ ಅವನು ಕಳಿಸಿದ ಗಿಣ್ಣವನ್ನು ಎರಡು ಬಟ್ಟಲು ತಿಂದೆ. ಅಮೃತ ಸಮಾನವಾಗಿಯೇ ಇತ್ತು.

ಮುಂದಿನ ವಾರ ಬೆಳಿಗ್ಗೆ ಸವಿತಾಗೆ ನೋವು ಶುರುವಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸುದ್ದಿ ತಿಳಿದು ಬೀಗತಿ ಬಸಮ್ಮನವರೂ ಬಂದಿಳಿದರು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಸ್ಟೀಲ್ ಡಬ್ಬಿ. ಊಟ ತಂದಿರಬೇಕು, ಎಂಥ ಒಳ್ಳೆಯ ಹೆಂಗಸು ಎಂದುಕೊಂಡೆ.

ಹನ್ನೊಂದಕ್ಕೆ ನರ್ಸಮ್ಮ ಹೊರಗೆ ಬಂದು, “ಹೆಣ್ಣು ಕೂಸ್ರಿ, ಇಬ್ಬರೂ ಆರಾಮ ಅದಾರ” ಎಂದರು. ನನ್ನ ಕಣ್ಣುಗಳು ಒದ್ದೆಯಾದವು. ನಾನು ಪೇಡೆ ತರಲು ಹೋದೆ. ಗಿರಿಜಾ ಬಿಸಿನೀರು ತರಲು ಹೋದಳು. ಇನ್ನೊಬ್ಬಾಕೆಗೆ ನೋವು ಹೆಚ್ಚಾಯಿತೆಂದು ನರ್ಸಮ್ಮ ಅತ್ತ ಓಡಿದರು.

ಪೇಡೆ ಹಿಡಿದು ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಗಂಭೀರವಾದ ಒಂದು ಧ್ವನಿ ಕೇಳಿಸಿತು. ‘...ತಪ್ಪದೇ ನೀಡತಕ್ಕದ್ದು. ಗಿಣ್ಣು ಅಮೃತ ಸಮಾನ. ವಿಳಂಬ ಸಲ್ಲದು!’ ನನ್ನದೇ ಧ್ವನಿ! ಎದೆ ಉಬ್ಬಿತು. ಕೊರಳಪಟ್ಟಿ ಸರಿ ಮಾಡಿಕೊಂಡು ಒಳಗೆ ಹೋದೆ.

ಬಸಮ್ಮನವರ ಮೊಬೈಲು ಮಂಚದ ಮೇಲೆ ಮಾತಾಡುತ್ತಿತ್ತು. ಡಬ್ಬಿಯ ಮುಚ್ಚಳ ತೆರೆದಿತ್ತು. ಯಾಲಕ್ಕಿಯ ಘಮ ವಾರ್ಡು ತುಂಬಿತ್ತು. ಬಸಮ್ಮನವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಗಿಣ್ಣವನ್ನು ತೆಳ್ಳಗೆ ಕಿವುಚಿ, ಚಮಚದಲ್ಲಿ ತುಂಬಿ, ಅದರ ತುಟಿಯ ಹತ್ತಿರ ತರುತ್ತಿದ್ದರು. ಹುಟ್ಟಿ ಅರ್ಧ ತಾಸು ಆಗಿರದ ಕೂಸು! ಸವಿತಾ ಸುಸ್ತಾಗಿ ಕಣ್ಣು ಮುಚ್ಚಿದ್ದಳು.

ಪೇಡೆಯ ಪೊಟ್ಟಣ ಅಲ್ಲೇ ಬಿಸಾಕಿದೆ.

“ನಿಲ್ಲಿಸಿ!” ಎಂದು ಹಾರಿದೆ. ಚಮಚ ಒಂದು ಕಡೆ, ಡಬ್ಬಿ ಇನ್ನೊಂದು ಕಡೆ, ಗಿಣ್ಣವೆಲ್ಲ ನನ್ನ ಬಿಳಿ ಅಂಗಿಯ ಮೇಲೆ. ಕೂಸು ಕಿಟಾರನೆ ಕಿರುಚಿತು.

“ಯಾಕ್ರಿ ಬೀಗರ, ಏನಾತು?” ಬಸಮ್ಮನವರು ಕೂಸನ್ನು ಅವಚಿಕೊಂಡರು. “ನೀವ ಹೇಳೀರಲ್ರಿ, ಒಂದ ತಾಸಿನೊಳಗ ಅಂತ. ನಮ್ಮ ಎಮ್ಮಿ ಮೊನ್ನೆನ ಈದೈತಿ, ದೇವರ ಕೊಟ್ಟಂಗಾತು ಅಂತ ಕಾಸಿಕೊಂಡು ಓಡಿಬಂದೀನಿ.”

“ಇದಲ್ರಿ! ಇದಲ್ಲ!”

“ಮತ್ತ್ಯಾವ್ದು?”

ಇಲ್ಲಿ ನನ್ನ ಮೂವತ್ತಾರು ವರ್ಷದ ಕನ್ನಡ ಕೈಕೊಟ್ಟಿತು. ಮಗಳು ಮಲಗಿದ್ದಾಳೆ. ಎದುರಿಗೆ ಬೀಗತಿ. ಅಕ್ಕಪಕ್ಕದ ಮಂಚಗಳಿಂದ ಹೆಂಗಸರೆಲ್ಲ ನೋಡುತ್ತಿದ್ದಾರೆ. ಕೂಸು ಹಸಿದು ಅಳುತ್ತಿದೆ. “ಅದು... ಅಂದರೆ... ಮಾತೃ ಸಂಬಂಧಿಯಾದ... ಪ್ರಥಮ ಕ್ಷೀರ...” ಎಂದೆ.

“ಕೀರು?” ಎಂದರು ಬಸಮ್ಮನವರು. “ಶಾವಿಗಿದೋ, ಅಕ್ಕೀದೋ?”

ಪಕ್ಕದ ಮಂಚದ ಅಜ್ಜಿ ತನ್ನ ಚೀಲದಿಂದ ಒಂದು ಡಬ್ಬಿ ಎತ್ತಿ ತೋರಿಸಿ, “ಹಂಗಾದ್ರ ನಂದೂ ಬ್ಯಾಡೇನ್ರಿ?” ಎಂದು ಕೇಳಿದಳು. ನಮ್ಮೂರಿನವಳೇ. ಡಬ್ಬಿಯಲ್ಲಿದ್ದ ಗಿಣ್ಣ ಹನಮಪ್ಪನ ಎಮ್ಮೆಯದೇ!

ಅಷ್ಟರಲ್ಲಿ ಬಿಸಿನೀರಿನ ಚರಿಗೆ ಹಿಡಿದು ಗಿರಿಜಾ ಬಂದಳು. ನನ್ನ ಅಂಗಿ ನೋಡಿದಳು, ಡಬ್ಬಿ ನೋಡಿದಳು. ಅವಳಿಗೆ ಸಂದರ್ಭ ಕೂಡಲೇ ತಿಳಿಯಿತು.

“ಹಡದಾಕಿ ಎದಿಹಾಲು ಬೀಗತಿ, ಎದಿಹಾಲು!” ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು. “ಹಳದಿ ಇರ್ತೈತಿ, ದಪ್ಪ ಇರ್ತೈತಿ. ಕೆಟ್ಟದ್ದಲ್ಲ ಅದು. ಅದನ್ನ ಕುಡಸಬೇಕು, ಬ್ಯಾರೆ ಏನೂ ಬ್ಯಾಡ.”

ಪಕ್ಕದ ಅಜ್ಜಿ ಡಬ್ಬಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿದಳು. ಗಿರಿಜಾ ಕೂಸನ್ನು ಎತ್ತಿ ಸವಿತಾಳ ಮಡಿಲಿಗೆ ಕೊಟ್ಟು, ನನ್ನನ್ನು ಹೊರಗೆ ತಳ್ಳಿ ಪರದೆ ಎಳೆದಳು. ಎರಡು ನಿಮಿಷದಲ್ಲಿ ಅಳು ನಿಂತಿತು. ನಾನು ಬಾಗಿಲ ಬದಿಯ ಗೋಡೆಗೆ ಒರಗಿ ಕುಳಿತುಬಿಟ್ಟೆ.

ನರ್ಸಮ್ಮ ಬಂದವರೇ ಕೂಸನ್ನು ಪರೀಕ್ಷಿಸಿದರು. ಒಂದು ಹನಿಯೂ ಒಳಗೆ ಹೋಗಿಲ್ಲವೆಂದು ಖಾತ್ರಿಯಾದ ಮೇಲೆ ತಿರುಗಿ, “ಹುಟ್ಟಿದ ಕೂಸಿಗೆ ಎಮ್ಮಿ ಗಿಣ್ಣ ಹಾಕ್ರಿ ಅಂತ ಹೇಳಿದಾವ ಯಾವ ಶಾಣ್ಯಾ ಅದಾನ್ರಿ?” ಎಂದು ಗುಡುಗಿದರು. ವಾರ್ಡಿನ ಹೆಂಗಸರೆಲ್ಲ ಒಟ್ಟಿಗೆ ಬಾಗಿಲಿನತ್ತ ಬೆರಳು ತೋರಿಸಿದರು.

ಬಟ್ಟೆಬರೆ ತರಲು ಊರಿಗೆ ಮರಳುವ ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. ಬೀಗತಿಯ ಮೇಲೆ ಸಿಟ್ಟು, ಹನಮಪ್ಪನ ಮೇಲೆ ಸಿಟ್ಟು, ಎಮ್ಮೆಯ ಮೇಲೂ ಸಿಟ್ಟು. “ಈ ಜನಕ್ಕೆ ಭಾಷೆಯೇ ತಿಳಿಯದು! ಯಾರ ಶಿಶುವೋ ಅವರ ಗಿಣ್ಣು, ಇಷ್ಟೂ ಅರ್ಥವಾಗಬಾರದೆ?” ಎಂದು ಆಟೋದಲ್ಲಿ ಕೂಗಾಡಿದೆ.

ಗಿರಿಜಾ ಸಾವಕಾಶವಾಗಿ ಹೇಳಿದಳು. “ರೇಣುಕಾ ನೆಟ್ಟಗ ಬರದಿದ್ಲು. ನಿಮಗ ನಾಚಿಕಿ ಬಂತಂತ ತಾಯೀನ್ನ ತಗದ ಹಾಕಿದ್ರಿ. ಖಾಲಿ ಜಾಗಾ ಐತಂತ ಎಮ್ಮಿ ಬಂದ ನಿಂತಿತು.”

ಊರು ಮುಟ್ಟುವವರೆಗೂ ನಾನು ಅಂಗಿಗೆ ಮೆತ್ತಿದ್ದ ಗಿಣ್ಣವನ್ನು ಕೆರೆಯುತ್ತ ಕುಳಿತೆ.

ರೇಣುಕಾ ಬೈಯಲಿಲ್ಲ. “ಸರ್, ನನ್ನ ಚೀಟಿ ಐತೇನ್ರಿ?” ಎಂದು ಮಾತ್ರ ಕೇಳಿದಳು. ಕೊಟ್ಟೆ. ನನ್ನ ಕೆಂಪು ಗೆರೆಗಳ ಕೆಳಗೆ ತಾಯಿಯೂ ಎದೆಹಾಲೂ ಇನ್ನೂ ಓದುವಂತಿದ್ದವು. ಈಗ ಕಸದ ಗಾಡಿಯಲ್ಲಿ ಗಿರಿಜಾಳ ಧ್ವನಿ ಬರುತ್ತದೆ. ಚೀಟಿಯಲ್ಲಿದ್ದುದನ್ನೆಲ್ಲ ಹೇಳಿ, ಕೊನೆಗೆ ತನ್ನದೊಂದು ಮಾತು ಸೇರಿಸಿದ್ದಾಳೆ: “ಎಮ್ಮೀದಲ್ರಿ ಯವ್ವಾ, ತಾಯೀದು!” ಗಾಡಿ ನಮ್ಮ ಮನೆಯ ಮುಂದೆ ಬಂದಾಗ ಚಾಲಕ ದನಿ ಏರಿಸುತ್ತಾನೆ. ಬೇಕೆಂದೇ ಏರಿಸುತ್ತಾನೆ! ಪಂಚಾಯಿತಿಗೆ ದೂರು ಬರೆಯೋಣವೆಂದು ಕುಳಿತೆ. ಅದರಲ್ಲಿ ಏನು ಅನರ್ಥವಾಗುವುದೋ ಎಂದು ಬಿಟ್ಟೆ.

ಇಷ್ಟು ವರ್ಷ ‘ಕನ್ನಡ ಮಾಸ್ತರ’ ಆಗಿದ್ದವನು ಈಗ ‘ಗಿಣ್ಣದ ಮಾಸ್ತರ’. ಮೊನ್ನೆ ಬೆಳಿಗ್ಗೆ ಹನಮಪ್ಪ ಓಡುತ್ತ ಬಂದು ಬಾಗಿಲು ಬಡಿದ.

“ಮಾಸ್ತರ, ಇನ್ನೊಂದ ಎಮ್ಮಿ ಈತ್ರಿ! ಗಿಣ್ಣ ಯಾರಿಗೆ ಕೊಡ್ಲಿ?”

ಈ ಸಲ ಎಚ್ಚರದಿಂದ, ಅಪ್ಪಟ ಊರ ಮಾತಿನಲ್ಲಿ, ಬಿಡಿಸಿ ಬಿಡಿಸಿ ಹೇಳಿದೆ. “ಮೊದ್ಲ ಅದರ ಕರಕ್ಕ ಕುಡಸೋ ಹನಮಪ್ಪ, ತಾಯಿ ಕೆಚ್ಚಲದಾಗಿಂದು!”

ಹನಮಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಕರ ಆಗಳೆ ಕುಡದೈತ್ರಿ. ಎಮ್ಮಿಗೆ ಅದು ಮೊದ್ಲಿಂದನ ಗೊತ್ತೈತಿ. ನಿಮಗ ಗೊತ್ತಾಗೇತೋ ಇಲ್ಲೋ ನೋಡ್ಕೊಂಡ ಹೋಗಾಕ ಬಂದೆ.”