ಹೂಬಿಸಿಲಿನ ಸೈಟು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಲೋಕ ಕಂಡಿದೆ. ಜಯನಗರದ ಅನಂತರಾಮು ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ಹುಟ್ಟದ ಕೂಸಿನ ವಿಳಾಸವನ್ನೇ ಅಚ್ಚು ಹಾಕಿಸಿಬಿಟ್ಟಿದ್ದರು.

ಕೂಸಿನ ಹೆಸರು ‘ಹೂಬಿಸಿಲು’. ಇಪ್ಪತ್ತಾರು ವರ್ಷ ಅವರು ಒಬ್ಬರೇ ನಡೆಸಿಕೊಂಡು ಬಂದ ಕಾವ್ಯ ತ್ರೈಮಾಸಿಕ ಅದು. ಚಂದಾದಾರರಲ್ಲಿ ಕೆಲವರು ಮನೆ ಬದಲಿಸಿದರು, ಕೆಲವರು ಅಭಿರುಚಿ ಬದಲಿಸಿದರು, ಉಳಿದವರು ಲೋಕವನ್ನೇ ಬದಲಿಸಿದರು. ಕೊನೆಗೆ ಅಚ್ಚುಮನೆಯೂ ಮುಚ್ಚಿತು. ಎರಡು ವರ್ಷದ ಮೌನದ ಬಳಿಕ, ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ, ಬಡಾವಣೆಯ ಸಂಘದ ಸಭಾಂಗಣದಲ್ಲಿ ಪತ್ರಿಕೆ ಅಂತರ್ಜಾಲದಲ್ಲಿ ಮರುಹುಟ್ಟು ಪಡೆಯಲಿದೆ ಎಂದು ಇನ್ನೂರು ಆಮಂತ್ರಣಗಳು ಹೊರಟಿದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ ‘ಹೂಬಿಸಿಲು ಡಾಟ್ ಇನ್’ ಎಂಬ ವಿಳಾಸ. ಆ ವಿಳಾಸ ಮಾತ್ರ ಇನ್ನೂ ಅವರದಾಗಿರಲಿಲ್ಲ.

“ಸಿಕ್ಕೇ ಸಿಗತ್ತೆ ಅಂಕಲ್” ಎಂದು ಮಹಡಿಯ ಮೇಲಿನ ಬಾಡಿಗೆದಾರ ಭಾರ್ಗವ ಹೇಳಿದ್ದ. ವೆಬ್‌ಸೈಟು ಕಟ್ಟುವುದೇ ಅವನ ಕಸುಬು. ಗುರುವಾರ ಬೆಳಗ್ಗೆ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಇಳಿದು ಬಂದು ಪರಿಸ್ಥಿತಿಯನ್ನು ವಿವರಿಸಿದ.

“ಈ ಹೆಸರು ಬನಶಂಕರೀಲಿ ಸೋಲಾರ್ ವಾಟರ್ ಹೀಟರ್ ಅಂಗಡಿ ಇಟ್ಟಿದ್ದೋರದ್ದು ಅಂಕಲ್. ರಿನ್ಯೂ ಮಾಡ್ಲಿಲ್ಲ. ಹೆಸರು ಕೊಡೋ ಕಂಪ್ನಿಯೋರು ಒಂದು ತಿಂಗ್ಳು ಸುಮ್ನೆ ಕಾದ್ರು, ಇವ್ರು ಬರ್ಲಿಲ್ಲ. ಇನ್ನೊಂದು ತಿಂಗ್ಳು ದಂಡ ಕಟ್ಟಿ ಬಿಡಿಸ್ಕೊಳ್ಳಿ ಅಂದ್ರು, ಬರ್ಲಿಲ್ಲ. ಐದು ದಿನದಿಂದ ವೆಂಟಿಲೇಟರ್ ಮೇಲಿದೆ. ಇವತ್ತು ಮಧ್ಯಾಹ್ನ ಒಂದೂವರೆ ಸುಮಾರಿಗೆ ಕಳಚಿ ಬೀಳತ್ತೆ. ಬಿದ್ದ ಕ್ಷಣ ಯಾರು ಎತ್ಕೋತಾರೋ ಅವ್ರದ್ದು.”

“ಅದಕ್ಕೆ ಉಪಾಯ?”

“ಎರಡು ಕಂಪ್ನೀಲಿ ಮುಂಚೇನೇ ಕ್ಯೂ ಹಾಕಿಟ್ಟಿದೀನಿ. ಅದು ಕೈ ಕೊಟ್ರೆ ನಾನೇ ಕೂತ್ಕೊಂಡು ಬಟನ್ ಒತ್ತುತಾ ಇರ್ತೀನಿ. ನಿಮ್ಮ ಕೆಲ್ಸ ಒಂದೇ, ಬಾಯಿ ಬಿಡ್ಬಾರ್ದು. ಅದ್ರಲ್ಲೂ ಹಳೇ ಓನರ್ ಕಿವಿಗೆ ಮಾತ್ರ ಬೀಳ್ಬಾರ್ದು. ಅವ್ರಿಗೆ ಆಸೆ ಹುಟ್ಟಿದ್ರೆ ಅವ್ರೂ ಒತ್ತುತಾರೆ.”

ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಅನಂತರಾಮು ಅವರಿಗೆ ಮೌನ ಕಷ್ಟದ ವಿಷಯವಲ್ಲ. ಅವರು ಯಾರಿಗೂ ಹೇಳಲಿಲ್ಲ. ಹೆಂಡತಿಗಷ್ಟೇ ಹೇಳಿದರು. ಹೆಂಡತಿಗೆ ಹೇಳಿದ್ದು ಹೇಳಿದಂತಲ್ಲ ಎಂಬುದು ಎಲ್ಲ ಗಂಡಂದಿರ ನಂಬಿಕೆ.

ಅಲಮೇಲು ಕೂಡ ಯಾರಿಗೂ ಹೇಳಲಿಲ್ಲ. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಮಧುಮತಿಗೆ ಮಾತ್ರ ಹೇಳಿದರು. “ನಮ್ಮವರಿಗೆ ಇವತ್ತು ಮಧ್ಯಾಹ್ನ ಸೈಟ್ ಸಿಗತ್ತೆ ಕಣ್ರೀ. ಯಾರೋ ಅವಧಿ ಮುಗಿದ್ರೂ ಕಟ್ಟದೆ ಬಿಟ್ಟಿದ್ದಾರಂತೆ. ಯಾರ್ಗೂ ಹೇಳ್ಬೇಡಿ.”

ದಕ್ಷಿಣ ಬೆಂಗಳೂರಿನಲ್ಲಿ ‘ಸೈಟು’ ಎಂಬ ಎರಡಕ್ಷರಕ್ಕಿರುವ ಶಕ್ತಿ ಯಾವ ಬೀಜಾಕ್ಷರಕ್ಕೂ ಇಲ್ಲ. ಹತ್ತೂವರೆಯ ಹೊತ್ತಿಗೆ ಅಡ್ಡರಸ್ತೆಯ ಕಿವಿಗಳೆಲ್ಲ ಸೂರ್ಯಕಾಂತಿಯಂತೆ ಅನಂತರಾಮು ಅವರ ಗೇಟಿನತ್ತ ತಿರುಗಿದ್ದವು. ಹನ್ನೊಂದಕ್ಕೆ ಆ ಗೇಟನ್ನು ತಳ್ಳಿಕೊಂಡು ಒಳಬಂದವರು, ಮೂಲೆಯಲ್ಲಿ ಆಫೀಸು ಇಟ್ಟುಕೊಂಡು ಸೈಟು ಕೊಡಿಸುವ ಪಾಪಯ್ಯ.

“ಏನ್ ಸಾರ್, ನನ್ನನ್ನ ಬಿಟ್ಟು ಸೈಟ್ ವ್ಯವಹಾರನಾ? ಎಷ್ಟು, ಮೂವತ್ತು ನಲವತ್ತಾ?”

“ಅಳತೆ ಇಲ್ಲದ್ದು, ಪಾಪಯ್ಯನವರೇ” ಎಂದರು ಅನಂತರಾಮು, ಸುಳ್ಳು ಹೇಳಲಾರದೆ.

“ಅಳತೆ ಇಲ್ದೇ ಇರೋದಾ? ಹಾಗಾದ್ರೆ ಮೂಲೆ ಸೈಟು! ಗೊಟ್ಟಿಗೆರೆ ಕಡೇನಾ?”

“ನೆಲದ ಮೇಲೆ ಎಲ್ಲಿಯೂ ಇಲ್ಲ. ಅದು ಅಂತರ್ಜಾಲದಲ್ಲಿದೆ.”

“ಅಂತರ್ಜಲನಾ!” ಪಾಪಯ್ಯನವರ ಕಣ್ಣು ಅರಳಿತು. “ಬೋರ್ ಹಾಕಿದ್ರೆ ನೀರು ಗ್ಯಾರಂಟಿ ಅನ್ನಿ. ಇಂಥದ್ದು ಈಗ ಲಕ್ಷಕ್ಕೊಂದು ಸಾರ್. ಮೊದ್ಲಿನ ಓನರ್ ಯಾರು?”

ಅನಂತರಾಮು ತುಟಿ ಬಿಗಿದರು. ಆದರೆ ಕಾಫಿ ತಂದ ಅಲಮೇಲು ಬಿಗಿಯಲಿಲ್ಲ. “ಬನಶಂಕರೀಲಿ ಸೋಲಾರ್ ಅಂಗಡಿ ಇಟ್ಟಿದ್ರಂತಲ್ಲ, ಅವರು.”

“ಕೊಟ್ರಪ್ಪನವರಾ! ಅವರ ಮನೆ ಕೊಡಿಸಿದ್ದೇ ನಾನು. ಓನರನ್ನ ಎದುರಿಗೆ ಕೂರಿಸ್ಕೊಂಡೇ ಮುಗಿಸ್ಬೇಕು ಸಾರ್, ಇಲ್ದೇ ಇದ್ರೆ ನಾಳೆ ತಕರಾರು ಎತ್ತುತಾರೆ. ಇರಿ, ಕರ್ಕೊಂಡು ಬರ್ತೀನಿ.” ಬೇಡ ಬೇಡವೆಂದು ಅನಂತರಾಮು ಚಪ್ಪಲಿಯನ್ನೂ ಮೆಟ್ಟದೆ ಗೇಟಿನ ತನಕ ಓಡಿದರು. ಅಷ್ಟರಲ್ಲಿ ಪಾಪಯ್ಯನವರ ಸ್ಕೂಟರು ತಿರುವು ದಾಟಿತ್ತು. ಹೊಗೆ ಮಾತ್ರ, ಅರ್ಧಕ್ಕೆ ಬಿಟ್ಟ ಪದ್ಯದ ಹಾಗೆ, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

ಹನ್ನೆರಡೂ ಮುಕ್ಕಾಲಿಗೆ ಕೊಟ್ರಪ್ಪ ಬಂದರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಪ್ರಸನ್ನತೆ, ಅಂಗಿಯ ಜೇಬಿನಲ್ಲಿ ದೊಡ್ಡದೊಂದು ಫೋನು.

“ನಮಸ್ಕಾರ ಸಾರ್. ಇದೇನು ಅಂತರ್ಜಲದ ಸೈಟು ಅಂತ ಪಾಪಯ್ಯನೋರು ಅಂದಾಗ ನನ್ಗೂ ತಿಳೀಲಿಲ್ಲ. ದಾರೀಲಿ ‘ಹೂಬಿಸಿಲು ಪತ್ರಿಕೆ ಅನಂತರಾಮು’ ಅಂತ ನಿಮ್ಮ ಹೆಸರು ಕೇಳಿದ್ಮೇಲೆ ಹೊಳೀತು. ನನ್ನ ಹೂಬಿಸಿಲು! ಅದನ್ನ ಬೇಕು ಅನ್ನೋರು ಯಾರಪ್ಪ, ಒಂದ್ಸಲ ಕಣ್ಣಲ್ಲಿ ನೋಡೇ ಬಿಡೋಣ ಅಂತ ಬಂದೆ.”

ಜಮೀನಲ್ಲ, ಬರಿಯ ಹೆಸರು ಎಂದು ತಿಳಿದ ಪಾಪಯ್ಯ ಬೇಸರದಿಂದ ಹೊರಟುಹೋದರು. ಕೊಟ್ರಪ್ಪ ಹೊರಡಲಿಲ್ಲ. ಸೋಫಾದಲ್ಲಿ ಕುಳಿತು ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಕೋಣೆಯಲ್ಲಿ ಭಾರ್ಗವ ತಲೆಯ ಮೇಲೆ ಕೈಹೊತ್ತ.

“ಹೋಯ್ತು ಅಂಕಲ್. ಈಗ ಅವ್ರೂ ಒಂದೇ, ನಾವೂ ಒಂದೇ. ಒಂದೂವರೆಗೆ ಅವ್ರ ಬೆರಳು ನನ್ನ ಬೆರಳಿಗಿಂತ ಮುಂಚೆ ಬಿದ್ರೆ ಮುಗೀತು.”

ಅನಂತರಾಮು ಗೋಡೆಗೊರಗಿದರು. ಇನ್ನೂರು ಆಮಂತ್ರಣಗಳು ಕಣ್ಣ ಮುಂದೆ ಒಣಗಿದೆಲೆಗಳಂತೆ ಉದುರತೊಡಗಿದವು. ಆಗ ಅಡುಗೆಮನೆಯ ಬಾಗಿಲಿನಿಂದ ಅಲಮೇಲು ಪಿಸುಗುಟ್ಟಿದರು:

“ರೀ, ಊಟಕ್ಕೆ ಏಳಿಸ್ರೀ ಅವರನ್ನ. ಸಾರನ್ನ ಕಲಸಿದ ಕೈಯಲ್ಲಿ ಯಾರು ಫೋನ್ ಒತ್ತುತಾರೆ?”

ಭಾರ್ಗವ ಆಕೆಯನ್ನೇ ನೋಡಿದ. “ಆಂಟಿ, ಇದು ಯಾವ ಸಾಫ್ಟ್‌ವೇರಲ್ಲೂ ಇಲ್ಲ!”

ಒಂದು ಗಂಟೆಗೆ ಬಾಳೆಲೆ ಬಿತ್ತು. ಕೋಸಂಬರಿ, ಪಲ್ಯ, ತಿಳಿಸಾರು. ಕೊಟ್ರಪ್ಪ ಮಂಡಿಗೆ ಟವೆಲ್ ಹಾಸಿಕೊಂಡು, ಬಲಗೈಯನ್ನು ಮಣಿಕಟ್ಟಿನ ತನಕ ಊಟಕ್ಕೆ ಸಮರ್ಪಿಸಿದರು. ಒಂದೂ ಕಾಲಿಗೆ ಇನ್ನೇನು ಮಜ್ಜಿಗೆ ಎನ್ನುವಾಗ ಅಲಮೇಲು ಮತ್ತೆ ಸಾರು ತಂದರು.

“ಸಾಕಮ್ಮ, ಸಾಕು.”

“ಎಲ್ಲಾದ್ರೂ ಉಂಟೇ? ನಮ್ಮನೆ ಸಾರನ್ನ ಒಂದೇ ಸಲ ಹಾಕಿಸ್ಕೊಂಡ್ರೆ ಚೆನ್ನಾಗಿಲ್ಲ ಅಂತ ಅರ್ಥ.”

ಒಂದೂ ಇಪ್ಪತ್ತೈದಕ್ಕೆ ಕೊಟ್ರಪ್ಪನವರ ಎಡಗೈ ಜೇಬಿನತ್ತ ಹೋಯಿತು. ಅಲಮೇಲು ತಕ್ಷಣ ಆ ಎಡಗೈಗೆ ಪಾಯಸದ ಲೋಟ ಕೊಟ್ಟರು. ಎರಡೂ ಕೈ ತುಂಬಿದ ಮನುಷ್ಯ ಜಗತ್ತಿನ ಅತ್ಯಂತ ನಿರುಪದ್ರವಿ ಪ್ರಾಣಿ. ಒಂದೂ ಮೂವತ್ತೆರಡಕ್ಕೆ ಒಳಕೋಣೆಯಿಂದ ಭಾರ್ಗವ ಕೂಗಿದ: “ಬಂತು ಅಂಕಲ್! ನಮ್ದೇ! ಸಖತ್!”

ಅನಂತರಾಮು ಕುಗ್ಗಿಹೋದರು. ಉಂಡ ಎಲೆಯ ಮುಂದೆ ಕೂರಿಸಿ ಮಾಡಿದ ಕೆಲಸಕ್ಕೆ ಅತಿಥಿ ಏನೆನ್ನುತ್ತಾರೋ? ಕೊಟ್ರಪ್ಪ ಮಾತ್ರ ಲೋಟವನ್ನು ಕೆಳಗಿಟ್ಟು, ತೃಪ್ತಿಯ ತೇಗು ತೇಗಿ, “ನಿಮ್ಮ ಹೆಸ್ರಿಗೇ ಆಯ್ತಾ ಸಾರ್? ಖಾತ್ರಿನಾ? ಒಳ್ಳೇದಾಗ್ಲಿ. ಶಿವ ದೊಡ್ಡೋನು” ಎಂದರು. ಕೈತೊಳೆದು, ಎಲೆಯಡಿಕೆ ಹಾಕಿಕೊಂಡು, ಮೆಟ್ಟಿಲನ್ನು ಹುಡುಗನಂತೆ ಹಾರುತ್ತ ಇಳಿದು ಹೋದರು. ಇಂಥ ನಿರ್ಮೋಹಿಯನ್ನು ತಾನು ಸಂದೇಹಿಸಿದೆನಲ್ಲ ಎಂದು ಅನಂತರಾಮು ಅವರ ಕಣ್ಣು ತೇವವಾಯಿತು.

ಮೂರು ಗಂಟೆಗೆ ಭಾರ್ಗವ ಆಮಂತ್ರಣವನ್ನೇ ಮುಖಪುಟವಾಗಿಸಿ ಸೈಟು ತೆರೆದ. ಸಂಪಾದಕ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆಂದು, ‘@’ ಗುರುತಿನ ಮುಂಚೆ ಯಾವ ಹೆಸರಿದ್ದರೂ ಹೂಬಿಸಿಲಿಗೆ ಬಂದ ಮಿಂಚಂಚೆಯೆಲ್ಲ ಅನಂತರಾಮು ಅವರಿಗೇ ಸೇರುವಂತೆ ಏರ್ಪಾಟು ಮಾಡಿ ಮಹಡಿ ಹತ್ತಿದ.

ನಾಲ್ಕಕ್ಕೆ ಮೊದಲ ಪತ್ರ ಬಂತು. ವಿಲ್ಸನ್ ಗಾರ್ಡನ್ನಿನ ತಿರುಮಲೇಶ ಎಂಬವರು ಬರೆದಿದ್ದರು: ‘ಮಾನ್ಯರೇ, ಎಂಟು ವರ್ಷದಿಂದ ನಿಮ್ಮ ಹೂಬಿಸಿಲನ್ನೇ ನಂಬಿದ್ದೇವೆ. ಈಚೆಗೆ ಅದರಲ್ಲಿ ಮೊದಲಿನ ಕಾವು ಇಲ್ಲ. ಇಷ್ಟು ದಿನ ಎಲ್ಲಿ ಹೋಗಿದ್ದಿರಿ?’

ಅನಂತರಾಮು ಅದನ್ನು ಮೂರು ಸಲ ಓದಿದರು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ನೇರವಾದ ವಿಮರ್ಶೆಯನ್ನು ಯಾರೂ ಬರೆದಿರಲಿಲ್ಲ. ಕನ್ನಡಕ ಒರೆಸಿಕೊಂಡು ಉತ್ತರ ಬರೆದರು: ‘ಸಹೃದಯರೇ, ಕಾವು ಕೊಡುವವನಲ್ಲಿ ಮಾತ್ರ ಇದ್ದರೆ ಸಾಲದು, ಪಡೆಯುವವನೂ ಒಳಗೆ ಸ್ವಲ್ಪ ಉರಿಯಬೇಕು.’

ಐದು ನಿಮಿಷದಲ್ಲಿ ಮರುಪತ್ರ: ‘ನಾನು ಉರಿಯುತ್ತಲೇ ಇದ್ದೇನೆ. ನಲ್ಲಿ ತಿರುಗಿಸಿದರೆ ತಣ್ಣೀರು. ವಾರಂಟಿ ಇನ್ನೂ ಎರಡು ವರ್ಷ ಇದೆ.’

ಉತ್ತರ ಬಂತೆಂಬ ಸುದ್ದಿ ಹಬ್ಬಿರಬೇಕು, ಆಮೇಲೆ ಕಟ್ಟೆಯೊಡೆಯಿತು. ಬಿಳೇಕಹಳ್ಳಿಯಿಂದ ಸೋರುವ ಟ್ಯಾಂಕು, ಜೆ.ಪಿ. ನಗರದಿಂದ ಒಡೆದ ಗಾಜು, ಕಮಲಾದೇವಿ ಎಂಬವರಿಂದ ಸೊಸೆಯ ಬಾಣಂತನಕ್ಕೂ ಬಿಸಿನೀರಿಲ್ಲವೆಂಬ ಎರಡು ಪುಟದ ಅಳಲು. ಸಂಜೆಯ ಹೊತ್ತಿಗೆ ನಲವತ್ತೊಂದು ಪತ್ರಗಳು. ಪಾಪಯ್ಯನವರಿಂದ ನಂಬರು ಪಡೆದು ಅನಂತರಾಮು ಕೊಟ್ರಪ್ಪನವರಿಗೆ ಫೋನು ಮಾಡಿದರು.

“ಶುರು ಆಯ್ತಾ ಸಾರ್?” ಎಂದಿತು ಆ ಪ್ರಸನ್ನ ಧ್ವನಿ. “ಅಂಗಡಿ ಮುಚ್ಚಿದೆ, ಫೋನ್ ನಂಬರ್ ಬದಲಾಯಿಸಿದೆ. ಆದ್ರೆ ಒಂದೊಂದು ಟ್ಯಾಂಕ್ ಮೇಲೂ ಆ ವಿಳಾಸದ ಸ್ಟಿಕ್ಕರ್ ಅಂಟಿಸಿದ್ನಲ್ಲ, ಅದು ಬಿಡಬೇಕಲ್ಲ! ಅದಕ್ಕೇ ಅದು ತಾನಾಗೇ ಸಾಯ್ಲಿ ಅಂತ ಎರಡು ತಿಂಗ್ಳಿಂದ ಕಾಯ್ತಾ ಇದ್ದೆ. ನೀವು ಎತ್ಕೊಂಡು ಸಾಕ್ತೀರಿ ಅಂತ ಕನಸಲ್ಲೂ ಎಣಿಸಿರ್ಲಿಲ್ಲ. ಅಮ್ಮನ ಕೈ ಸಾರು ಅಮೃತ ಸಾರ್.”

ಫೋನು ಕೆಳಗಿಡುವಾಗ ಅಲಮೇಲು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. “ನೋಡಿ, ಇನ್ನೊಂದು ಬಂತು. ಆ ತಿರುಮಲೇಶ ಅವರದ್ದೇ. ಇದರಲ್ಲಿ ಕೋಪ ಕಡಿಮೆ ಆಗಿರೋ ಹಾಗಿದೆ.”

ಅನಂತರಾಮು ಆಸೆಯಿಂದ ಬಗ್ಗಿ ಓದಿದರು.

‘ಮಾನ್ಯರೇ, ಮುಖಪುಟ ಈಗ ನೋಡಿದೆ. ಭಾನುವಾರ ಹತ್ತು ಗಂಟೆಗೆ ಜಯನಗರದಲ್ಲಿ ತಾವೇ ಖುದ್ದಾಗಿ ಸಿಗುವಿರೆಂದು ತಿಳಿದು ಸಂತೋಷವಾಯಿತು. ತಮ್ಮ ಗಿರಾಕಿಗಳ ಗುಂಪಿನಲ್ಲಿ ಎಲ್ಲರಿಗೂ ತಿಳಿಸಿದ್ದೇನೆ; ಸುಮಾರು ನೂರೈವತ್ತು ಮನೆಯವರು ಬರುತ್ತೇವೆ. ಅಧ್ಯಕ್ಷರ ಪಕ್ಕದಲ್ಲಿ ಒಬ್ಬ ಪ್ಲಂಬರ್ ಕೂತಿದ್ದರೆ ಅನುಕೂಲ.’