ಇಡ್ಲಿ ಅಟ್ಟ ಮತ್ತು ಮೂರು ದೂರು

ಪಾತ್ರೆ ಮಾರುವವರಿಗೆ ಸೊಟ್ಟಗಾಯಿತು, ತೂತಾಯಿತು ಅಂತ ಜಗಳ ಬರುವುದು ನನಗೆ ಗೊತ್ತಿತ್ತು. ಆದರೆ ಆನ್‌ಲೈನಿನಲ್ಲಿ ಮಾರಿದರೆ ಆಗಾಗ ಕಳ್ಳರ ಪಟ್ಟ ಕಟ್ಟುತ್ತಾರೆ, ಅದೂ ಕಳ್ಳರೇ ಬಂದು ಕಟ್ಟುತ್ತಾರೆ ಅಂತ ಯಾರೂ ಹೇಳಿರಲಿಲ್ಲ ಮಾರಾಯ್ರೆ.

ನಾವಿರುವುದು ಒಮಾನಿನ ಅಲ್ ಗುಬ್ರಾದಲ್ಲಿ. ಗಂಡನಿಗೆ ಸಮುದ್ರದ ನೀರು ಸಿಹಿ ಮಾಡುವ ಪ್ಲಾಂಟಿನಲ್ಲಿ ಕೆಲಸ. ಹನ್ನೆರಡು ವರ್ಷ ಅವರ ಟಿಫಿನ್ ಕಟ್ಟಿ ಕಟ್ಟಿ ಸಾಕಾಗಿ, ನಾನು ಊರಿನಿಂದ ಇಡ್ಲಿ ಬೇಯಿಸುವ ಅಟ್ಟ, ತುರಿಮಣೆ, ಶ್ಯಾವಿಗೆ ಒರಳು ತರಿಸಿ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಅಂಗಡಿ ತೆರೆದೆ. ಲೈಸೆನ್ಸು ಮತ್ರಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಹಾಜಿಯವರದ್ದು. ಮಂಗಳೂರು ಕಡೆಯ ಬ್ಯಾರಿಗಳು, ನನ್ನನ್ನು ತಂಗಿ ಅಂತಲೇ ಕರೆಯುತ್ತಾರೆ. ಮಾರುಕಟ್ಟೆಯವರ ನಿಯಮ ಒಂದುಂಟು: ಇನ್ನೊಬ್ಬರ ಬ್ರ್ಯಾಂಡಿನ ಹೆಸರೋ ಗುರುತೋ ಕದ್ದಿದ್ದೀರಿ ಅಂತ ಟ್ರೇಡ್‌ಮಾರ್ಕ್ ದೂರು ಬಂದರೆ ಆ ಸಾಮಾನು ಬಂದ್. ಮೂರು ದೂರು ಬಂದರೆ ಅಂಗಡಿಯೇ ಖಾಯಂ ಬಂದ್. ಒಮಾನಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಹೋದರೆ ಹಾಜಿಯವರ ಹಳೆಯ ಹೆಸರೂ ಅದರ ಜೊತೆ ಮಣ್ಣುಪಾಲು.

೧. ಲೋಹದ ಮಾಲೀಕರು

ಮೊದಲ ದೂರಿನ ಮೇಲ್ ಬಂದಾಗ ಗಂಡ ಅದನ್ನು ಯಾರೋ ತೀರಿಹೋದ ಸುದ್ದಿಯ ಹಾಗೆ ಓದಿದರು. ನನ್ನ ಇಡ್ಲಿ ಅಟ್ಟದ ವಿವರದಲ್ಲಿ 'ಸ್ಟೇನ್‌ಲೆಸ್' ಅಂತ ಬರೆದಿದ್ದೆನಂತೆ. ಅದು ಇನ್ನೊಬ್ಬನ ಬ್ರ್ಯಾಂಡಂತೆ!

ಯಾರಪ್ಪಾ ಈ ಮಹಾಶಯ ಅಂತ ಹುಡುಕಿದರೆ ಅವನೂ ಪಾತ್ರೆ ಮಾರುವವನೇ. ಅವನ ಪುಟದಲ್ಲಿ ಇದ್ದ ಫೋಟೊಗಳು ನನ್ನವು. ನನ್ನ ಅಡುಗೆಮನೆಯ ಹಸಿರು ಟೈಲ್ಸು, ನನ್ನ ಹೆಬ್ಬೆರಳು, ಹೆಬ್ಬೆರಳಿಗೆ ಸುತ್ತಿದ ಪ್ಲಾಸ್ಟರು ಸಮೇತ. ಹೀಗೆ ನನ್ನ ಬೆರಳನ್ನೇ ಕದ್ದವನು ನನ್ನನ್ನು ಕಳ್ಳಿ ಅನ್ನುತ್ತಾನೆ. ನಾಚಿಕೆ ಅನ್ನುವುದು ಬೇಡವಾ?

ಗ್ರಾಹಕ ಸೇವೆಗೆ ಫೋನ್ ಹಚ್ಚಿದೆ. "ಮೇಡಂ, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಅಂದ ಒಬ್ಬ. ಅವನಿಗೆ ಅರ್ಥವಾದದ್ದು ಅದೊಂದೇ.

"ಸ್ಟೇನ್‌ಲೆಸ್ ಬ್ರ್ಯಾಂಡ್ ಅಲ್ಲ ಮಾರಾಯ, ಅದು ಲೋಹ!" ಅಂದೆ.

"ಸರಿ ಮೇಡಂ. ಹಾಗಾದರೆ ಲೋಹದ ಮಾಲೀಕರಿಂದ ಒಂದು ಅನುಮತಿ ಪತ್ರ ಕಳಿಸಿ."

ಕೊನೆಗೆ ಆ ಪದ ತೆಗೆದುಹಾಕಿದ ಮೇಲೆ ಸಾಮಾನು ಮತ್ತೆ ಕಾಣಿಸಿಕೊಂಡಿತು. ಮರುದಿನವೇ ಸೋಹಾರಿನ ಗಿರಾಕಿಯೊಬ್ಬರು ಕೇಳಿದರು, "ಇದು ಸ್ಟೇನ್‌ಲೆಸ್ಸಾ?" ನಾನು ಬರೆದೆ: "ಹೌದು, ಆದರೆ ಹೇಳುವ ಹಾಗಿಲ್ಲ." ಅವರು ಕಳ್ಳಸಾಗಣೆಯ ಮಾಲು ಅಂದುಕೊಂಡರೋ ಏನೋ, ಒಂದರ ಬದಲು ಎರಡು ತರಿಸಿಕೊಂಡರು.

೨. ಸುವೈಕಿನ ವಿಳಾಸ

ಸಾಮಾನು ಮರಳಿ ಬಂದರೂ ದೂರು ಲೆಕ್ಕದಲ್ಲೇ ಉಳಿದಿತ್ತು. ಅದನ್ನು ಅಳಿಸಬೇಕಾದರೆ ದೂರು ಕೊಟ್ಟವನೇ ವಾಪಸ್ ತೆಗೆದುಕೊಳ್ಳಬೇಕಂತೆ. ಅವನ ವಿಳಾಸ ಸುವೈಕಿನದ್ದು. ಮೇಲ್‌ಗೆ ಉತ್ತರವಿಲ್ಲ. ಶುಕ್ರವಾರ ಸಂಜೆ ಗಂಡನನ್ನು ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಬೈಗುಳ ಹಿಂದಿಯಲ್ಲಿ ತಯಾರು ಮಾಡಿಕೊಂಡೆ.

ವಿಳಾಸದಲ್ಲಿ ಇದ್ದದ್ದು ದಿಶ್‌ದಾಶಾ ಹೊಲಿಯುವ ಅಂಗಡಿ. ದಿಶ್‌ದಾಶಾ ಅಂದರೆ ಇಲ್ಲಿಯ ಗಂಡಸರು ತೊಡುವ ಉದ್ದ ಬಿಳಿ ನಿಲುವಂಗಿ. ಕರಾಚಿ ಕಡೆಯ ಟೇಲರ್ ಮಾಸ್ತರರು ನಮ್ಮನ್ನು ನೋಡಿದ್ದೇ "ಟ್ರೇಡ್‌ಮಾರ್ಕಾ? ಬನ್ನಿ, ಕೂತುಕೊಳ್ಳಿ" ಅಂದರು.

"ನಿಮಗೆ ಹೇಗೆ ಗೊತ್ತು?"

"ಈ ತಿಂಗಳು ನೀವು ಏಳನೆಯವರು. ಮೊನ್ನೆ ಅತ್ತರಿನವರು ಬಂದಿದ್ದರು, ಅದಕ್ಕೆ ಮೊದಲು ಮೊಬೈಲ್ ಕವರಿನವರು. ಯಾವನೋ ಹರಾಮ್‌ಖೋರ ನನ್ನ ವಿಳಾಸ ಬರೆದಿದ್ದಾನೆ."

ನನ್ನ ಬೈಗುಳಗಳೆಲ್ಲ ಬಾಯಲ್ಲೇ ಉಳಿದವು. ಪಾಪ ಅನ್ನಿಸಿತು. ಅವರು ಕಾವಾ ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು. ಮಾತಾಡುತ್ತಾ ಮಾತಾಡುತ್ತಾ ಟೇಪು ತೆಗೆದು ನನ್ನ ಗಂಡನ ಭುಜದ ಅಳತೆಯನ್ನೂ ತೆಗೆದುಕೊಂಡರು. ಹುಟ್ಟಿದಂದಿನಿಂದ ಮನೆಯಲ್ಲಿ ಲುಂಗಿ ಬಿಟ್ಟು ಬೇರೆ ಉಡದ ಮನುಷ್ಯ ಎರಡು ದಿಶ್‌ದಾಶಾ ಹೊಲಿಯಲು ಹಾಕಿ ಬಂದರು.

"ನಾವು ಪೊಲೀಸಿಗೆ ದೂರು ಕೊಡುತ್ತೇವೆ, ನಿಮ್ಮ ವಿಳಾಸ ತೆಗೆಸುತ್ತೇವೆ" ಅಂತ ನಾನು ಎದ್ದಾಗ ಮಾಸ್ತರರು ಬಾಗಿಲ ತನಕ ಓಡಿಬಂದರು. "ಅಕ್ಕಾ, ಈದ್ ಮುಗಿಯುವ ತನಕ ತಡೆಯಿರಿ. ಬಂದವರೆಲ್ಲ ಹೊಲಿಯಲು ಹಾಕಿದ್ದಾರೆ."

೩. ಕೊಳೆಯಾದ ದಾಖಲೆ

ಎರಡನೆಯ ದೂರು, ಅದೂ ಅವನದ್ದೇ, ತುರಿಮಣೆಯ ಮೇಲೆ. ತಯಾರಿಸಿದವರ ಅನುಮತಿ ಪತ್ರ ಇಲ್ಲದೆ ಮಾರುತ್ತಿದ್ದೇನಂತೆ. ಊರಿನ ಪಾತ್ರೆ ಅಂಗಡಿಯ ಯಜಮಾನರಿಗೆ ಫೋನ್ ಮಾಡಿದೆ.

"ಅನುಮತಿಯಾ? ತುರಿಮಣೆ ಮಾರ್ಲಿಕ್ಕೆ ಎಂತ ಅನುಮತಿ? ನಾಳೆ ತೆಂಗಿನಕಾಯಿ ತುರಿಯಲಿಕ್ಕೂ ಕೇಳ್ತಾರಾ?" ಅಂತ ನನಗೇ ಬೈದರು. ಆದರೂ ಒಳ್ಳೆಯ ಜನ. ಲೆಟರ್‌ಹೆಡ್ಡಿನಲ್ಲಿ ನೀಟಾಗಿ ಟೈಪು ಮಾಡಿಸಿ, ಮೊದಲ ಸಲ ವಿದೇಶಕ್ಕೆ ಹೋಗುವ ಪತ್ರ ಅಂತ ನಾಲ್ಕೂ ಮೂಲೆಗೆ ಅರಸಿನ ಹಚ್ಚಿ, ನಡುವೆ ಕುಂಕುಮ ಇಟ್ಟು ದೇವರ ಮುಂದೆ ಇರಿಸಿ ಕಳಿಸಿದರು. ನಾನು ಭಕ್ತಿಯಿಂದ ಸ್ಕ್ಯಾನ್ ಮಾಡಿ ಹಾಕಿದೆ.

ಮೂರು ದಿನ ಬಿಟ್ಟು ಉತ್ತರ ಬಂತು: "ದಾಖಲೆ ಕೊಳೆಯಾಗಿದೆ. ಆಹಾರ ಪದಾರ್ಥ ತಾಗದ ಪ್ರತಿ ಕಳಿಸಿ."

ಯಜಮಾನರಿಗೆ ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಅವರೇ ಫೋನ್ ಮಾಡಿ "ಪತ್ರ ನೋಡಿ ಎಂತ ಹೇಳಿದ್ರು?" ಅಂತ ಕೇಳಿದರು. "ಬಣ್ಣ ಎದ್ದು ಕಾಣ್ತದೆ ಅಂದ್ರು" ಅಂದೆ.

೪. ಪದ್ಮಾವತಿ

ಎರಡು ದೂರು ತಲೆಯ ಮೇಲೆ ಕೂತಿರುವಾಗ ಮೂರನೆಯದು ಬಂತು. ಅದೇ ಮಹಾಶಯ. ನನ್ನ ಇಡ್ಲಿ ಅಟ್ಟದ ಮೇಲಿರುವ ಲಾಂಛನ ಅವನದ್ದಂತೆ. ಎರಡು ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಅಂಗಡಿ ಖಲಾಸ್. ನನಗೆ ಅಳು ಬಂತು.

ಲಾಂಛನವಾ? ನನ್ನ ಪಾತ್ರೆಗೆ ಯಾವ ಲಾಂಛನ ಅಂತ ಅವನು ಕೊಟ್ಟ ಸಾಕ್ಷಿ ತೆರೆದು ನೋಡಿದೆ. ಚಿನ್ನದ ಬಣ್ಣದ ದುಂಡು ಚೌಕಟ್ಟಿನೊಳಗೆ ಎರಡು ಸಾಲು ಚುಕ್ಕಿ ಚುಕ್ಕಿ ಅಕ್ಷರ. ನೋಡಿದ್ದೇ ಅಳು ನಿಂತುಹೋಯಿತು.

ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯವನೇ ಟರ್ರ್ ಅಂತ ಮಿಶಿನ್ ಹಿಡಿದು ಹೆಸರು ಕೊರೆದುಕೊಡುತ್ತಾನಲ್ಲ, ಅದು. ಹೊಸ ಅಟ್ಟದ ಫೋಟೊ ತೆಗೆದರೆ ಹೊಳಪಿನಲ್ಲಿ ನನ್ನ ಮುಖವೇ ಕಾಣುತ್ತದೆ ಅಂತ, ಅತ್ತೆ ಕೊಟ್ಟ ಹಳೆಯ ಅಟ್ಟವನ್ನೇ ಇಟ್ಟು ಫೋಟೊ ಹಾಕಿದ್ದೆ. ನಮ್ಮತ್ತೆಗೆ ಬರೀ ಹೆಸರು ಸಾಲುವುದಿಲ್ಲ. ಅವರ ಪಾತ್ರೆಗಳು ನೆಂಟರ ಮನೆಯ ಕಾರ್ಯಕ್ಕೆ ಹೋದರೆ ತಿರುಗಿ ಬಂದದ್ದೇ ಇಲ್ಲ. ಅದಕ್ಕೆ ಅವರು ಕೊರೆಸಿದ್ದು: "ಪದ್ಮಾವತಿಯದ್ದು. ಊಟ ಆದ ಮೇಲೆ ವಾಪಸ್ ಕೊಡಿ."

ಕನ್ನಡದ ಗಂಧಗಾಳಿ ಇಲ್ಲದ ಆ ಬೃಹಸ್ಪತಿ ಅದನ್ನು ಏನೋ ಚಂದದ ಬ್ರ್ಯಾಂಡ್ ಅಂದುಕೊಂಡು, ತನ್ನ ಪಾತ್ರೆಗಳ ಮೇಲೆಲ್ಲ ಒತ್ತಿಸಿ ಮಾರಿದ್ದ!

ಲಾಂಛನದ ಅರ್ಥ ಹೇಳಿ ಅಂತ ಮಾರುಕಟ್ಟೆಯವರು ಇಬ್ಬರನ್ನೂ ಕೇಳಿದರು. ಅವನು ಬರೆದ: "ಇದು ನಮ್ಮ ಮನೆತನದ ಪುರಾತನ ಧ್ಯೇಯವಾಕ್ಯ. ಶುದ್ಧತೆ, ಶಕ್ತಿ, ಪರಂಪರೆ." ನಾನು ನಿಜ ಬರೆದೆ. ನನ್ನದಕ್ಕೆ ಮಾತ್ರ ಸೀಲು ಹಾಕಿದ ಭಾಷಾಂತರ ಬೇಕಂತೆ! ಸುಳ್ಳಿಗೆ ಸೀಲು ಬೇಡ, ನಿಜಕ್ಕೆ ಬೇಕು. ಭಾಷಾಂತರದ ಆಫೀಸಿನಲ್ಲಿ ವಿಚಾರಿಸಿದರೆ "ಕನ್ನಡ ಇಲ್ಲ, ಮಲಯಾಳಂ ನಡೆಯುತ್ತದಾ?" ಅಂದರು.

ಮತ್ರಾಕ್ಕೆ ಓಡಿದೆ. ಹಾಜಿಯವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. "ನಾನು ಕನ್ನಡ ಮೀಡಿಯಂ ಅಲ್ವಾ ತಂಗಿ! ಯಲ್ಲಾ, ಕಾಗದ ತಾ" ಅಂದರು. ಅರಬಿಯಲ್ಲಿ ಅರ್ಥ ಬರೆದು, ಅಂಗಡಿಯ ದುಂಡು ಸೀಲನ್ನು ಮೂರು ಕಡೆ ಗುದ್ದಿ, ಸಾಕ್ಷಿಗೆ ತಮ್ಮ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ಲಗತ್ತಿಸಿದರು. ಕನ್ನಡದಲ್ಲಿ ಜಸ್ಟ್ ಪಾಸ್. ಅಷ್ಟು ಸಾಕಾಯಿತು. ದೂರು ಕೊಟ್ಟವನೇ ಕಳ್ಳ ಅಂತ ಮಾರುಕಟ್ಟೆಯವರಿಗೆ ಗೊತ್ತಾಗಿ ಮೂರೂ ದೂರು ವಜಾ ಆದವು, ಅಂಗಡಿ ಉಳಿಯಿತು. ಆ ಸುದ್ದಿ ಬಂದ ದಿನ ನಾನು ಹಾಜಿಯವರ ಸ್ಟೂಲಿನ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ.

ಅತ್ತೆಗೆ ವಿಡಿಯೊ ಕಾಲ್ ಮಾಡಿ ಎಲ್ಲ ಹೇಳಿದೆ. ಅವರಿಗೆ ಟ್ರೇಡ್‌ಮಾರ್ಕೂ ಬೇಡ, ಏನೂ ಬೇಡ. "ಅಟ್ಟ ಮನೆಯಲ್ಲೇ ಉಂಟಲ್ಲ?" ಅಂತ ಕೇಳಿ, ನಾನು ತೋರಿಸಿದ ಮೇಲೆಯೇ ಫೋನ್ ಇಟ್ಟರು.

ಕೆಲವು ದಿನ ಬಿಟ್ಟು, ಕುತೂಹಲ ತಡೆಯದೆ ಆ ಮಹಾಶಯನ ಪುಟ ತೆರೆದೆ. ಒಮಾನಿನ ನಮ್ಮ ಕನ್ನಡದವರು ಅವನ ಇಡ್ಲಿ ಅಟ್ಟವನ್ನು ಒಳ್ಳೆಯ ಸಂಖ್ಯೆಯಲ್ಲೇ ಕೊಂಡಿದ್ದರು, ಅಷ್ಟೇ ಶ್ರದ್ಧೆಯಿಂದ ಹಿಂದಿರುಗಿಸಿಯೂ ಇದ್ದರು. ಎಲ್ಲಕ್ಕಿಂತ ಮೇಲಿದ್ದ ಅಭಿಪ್ರಾಯ ಸಲಾಲಾದ ಒಬ್ಬರದ್ದು: "ಇಡ್ಲಿ ಮಲ್ಲಿಗೆಯ ಹಾಗೆ ಬಂತು. ಊಟ ಆಯಿತು. ಪಾತ್ರೆಯ ಮೇಲೆ ಬರೆದಿದ್ದಂತೆ ತೊಳೆದು ವಾಪಸ್ ಕಳಿಸಿದ್ದೇನೆ. ಪದ್ಮಾವತಿಯವರಿಗೆ ತಲುಪಿಸಿ."